ಅಂಚೆ ಇಲಾಖೆ: ಹರಾಜಿಲ್ಲದೆ ನಡೆದ ಖಾಸಗೀಕರಣ, ಮುಗಿಯದ ಮುಷ್ಕರ

ಏರ್ ಇಂಡಿಯಾ 2022ರ ಜನವರಿಯಲ್ಲಿ ಟಾಟಾ ಸಮೂಹದ ಕೈಸೇರಿತು ಎಂದು ಯಾರು ಬೇಕಾದರೂ ದಿನಾಂಕ ಹಿಡಿದು ಹೇಳಬಹುದು. ಅಂಚೆ ಇಲಾಖೆಯ ವಿಷಯದಲ್ಲಿ ಅಂಥ ದಿನಾಂಕವೊಂದು ಸಿಗುವುದಿಲ್ಲ. ಇಲಾಖೆ ಇಂದಿಗೂ ಕೇಂದ್ರ ಸರ್ಕಾರದ್ದೇ, ಅದರ ಷೇರುಗಳು ಪೇಟೆಗೆ ಬಂದಿಲ್ಲ, ಆದರೂ ನೌಕರರ ಸಂಘಗಳು ಖಾಸಗೀಕರಣದ ವಿರುದ್ಧ ಮತ್ತೆ ಮತ್ತೆ ಮುಷ್ಕರ ಹೂಡುತ್ತ ಬಂದಿವೆ. ಮಾರಾಟಕ್ಕೇ ಇಡದ ಇಲಾಖೆಯಲ್ಲಿ ಇವರು ವಿರೋಧಿಸುತ್ತಿರುವುದಾದರೂ ಏನನ್ನು ಎಂಬ ಪ್ರಶ್ನೆ ಹೊರಗಿನವರಿಗೆ ಏಳುವುದು ಸಹಜ. ಅದಕ್ಕೆ ಉತ್ತರ ಕಾನೂನು, ಇಲಾಖೆಯ ರಚನೆ ಮತ್ತು ದುಡಿಮೆಯ ಷರತ್ತು ಎಂಬ ಮೂರು ಎಳೆಗಳಲ್ಲಿ ಸಿಕ್ಕಿಕೊಂಡಿದೆ.

1854ರಲ್ಲಿ ಡಾಲ್‌ಹೌಸಿಯ ಆಡಳಿತವು ದೂರ ಎಷ್ಟೇ ಇರಲಿ ಹಗುರವಾದ ಪತ್ರಕ್ಕೆ ಅರ್ಧ ಆಣೆ ಎಂಬ ಏಕರೂಪದ ದರ ತಂದಿತು. 1898ರ ಕಾಯ್ದೆ ಪತ್ರ ಸಾಗಿಸುವ ಹಕ್ಕನ್ನು ಸರ್ಕಾರಕ್ಕೆ ಮಾತ್ರ ಮೀಸಲಿಟ್ಟಿತು. 1946ರ ಜುಲೈನಲ್ಲಿ ನಡೆದ ಅಂಚೆ ಮುಷ್ಕರವನ್ನು ಬೆಂಬಲಿಸಿ ಕಲ್ಕತ್ತಾ ನಗರ ಒಂದು ದಿನ ಸ್ತಬ್ಧವಾಯಿತು. 1954ರಲ್ಲಿ ಅಂಚೆ-ತಂತಿ ನೌಕರರ ರಾಷ್ಟ್ರೀಯ ಒಕ್ಕೂಟ ರೂಪುಗೊಂಡಿತು. 1960 ಮತ್ತು 1968ರ ಕೇಂದ್ರ ನೌಕರರ ಮುಷ್ಕರಗಳಲ್ಲಿ ಈ ಒಕ್ಕೂಟವೂ ಮುಂಚೂಣಿಯಲ್ಲಿತ್ತು. ಈ ಒಂದು ಶತಮಾನದಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಏಕರೂಪದ ದರವೂ ಏಕಸ್ವಾಮ್ಯವೂ ಒಂದನ್ನೊಂದು ಹಿಡಿದು ನಿಂತಿದ್ದವು. ಪಟ್ಟಣದ ಬಟವಾಡೆಯಲ್ಲಿ ಉಳಿಯುವ ಹಣವೇ ಗುಡ್ಡದಾಚೆಯ ಹಳ್ಳಿಯ ಬಟವಾಡೆಯ ನಷ್ಟವನ್ನು ತುಂಬುತ್ತಿತ್ತು.

1985ರಲ್ಲಿ ಅಂಚೆ-ತಂತಿ ಇಲಾಖೆಯನ್ನು ಎರಡು ಮಾಡಲಾಯಿತು, ಅದರ ಬೆನ್ನಿಗೇ ನೌಕರರ ಒಕ್ಕೂಟವೂ ಇಬ್ಭಾಗವಾಯಿತು. ಅಂದಿಗೆ ಅದು ಬರಿಯ ಆಡಳಿತಾತ್ಮಕ ಮರುಹೊಂದಾಣಿಕೆಯಂತೆ ಕಂಡಿತ್ತು. ಆದರೆ 1991ರ ಆರ್ಥಿಕ ನೀತಿಯ ನಂತರ ದೂರಸಂಪರ್ಕಕ್ಕೆ ಖಾಸಗಿ ಕಂಪನಿಗಳು ಬಂದವು, 2000ದ ಅಕ್ಟೋಬರ್ 1ರಂದು ಆ ಇಲಾಖೆಯ ಸೇವಾ ವಿಭಾಗ ಬಿಎಸ್‌ಎನ್‌ಎಲ್ ಎಂಬ ಕಂಪನಿಯಾಯಿತು. ನಿನ್ನೆಯವರೆಗೆ ಒಂದೇ ಸಂಘದ ಸಭೆಯಲ್ಲಿ ಕೂತಿದ್ದವರು ಸರ್ಕಾರಿ ನೌಕರಿಯಿಂದ ಕಂಪನಿ ನೌಕರಿಗೆ ದಾಟಿದ್ದನ್ನು ಅಂಚೆಯವರು ಹತ್ತಿರದಿಂದ ಕಂಡರು. ‘ನಾಳೆ ನಮ್ಮ ಸರದಿ’ ಎಂಬ ಅವರ ಆತಂಕ ಹುಟ್ಟಿದ್ದು ಕಣ್ಣೆದುರಿನ ಈ ಅನುಭವದಿಂದ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಅಂಚೆ ನೌಕರರು ಸುಮಾರು ಎರಡು ವಾರ ಕೆಲಸ ನಿಲ್ಲಿಸಿದರು. ಆ ಮುಷ್ಕರದ ಮುಖ್ಯ ಬೇಡಿಕೆ ಖಾಯಂ ನೌಕರರದ್ದಾಗಿರಲಿಲ್ಲ. ಅಂದು ಇಡಿ ನೌಕರರು, ಅಂದರೆ ಇಲಾಖೇತರ ನೌಕರರು, ಎಂದು ಕರೆಸಿಕೊಳ್ಳುತ್ತಿದ್ದವರದ್ದಾಗಿತ್ತು. 2001ರಿಂದ ಅವರ ಹೆಸರು ಗ್ರಾಮೀಣ ಡಾಕ್ ಸೇವಕ ಎಂದಾಯಿತು. ಇಡೀ ವಿಷಯದ ತಿರುಳು ಇರುವುದು ಇಲ್ಲಿಯೇ ಎಂದು ನನಗನಿಸುತ್ತದೆ, ಆದ್ದರಿಂದ ಇಲ್ಲಿ ತುಸು ನಿಲ್ಲಬೇಕು.

ದೇಶದ ಒಂದೂವರೆ ಲಕ್ಷಕ್ಕೂ ಮಿಕ್ಕಿದ ಅಂಚೆ ಕಚೇರಿಗಳಲ್ಲಿ ಬಹುಪಾಲು ಹಳ್ಳಿಯ ಶಾಖಾ ಕಚೇರಿಗಳು. ಅವನ್ನು ನಡೆಸುವ ಶಾಖಾ ಪೋಸ್ಟ್ ಮಾಸ್ಟರ್ ಕೂಡ ಒಬ್ಬ ಗ್ರಾಮೀಣ ಡಾಕ್ ಸೇವಕರೇ. ಇಂಥ ಕಚೇರಿ ಹೆಚ್ಚಾಗಿ ಅವರ ಮನೆಯ ಜಗುಲಿಯಲ್ಲೋ ಮುಂಗೋಣೆಯಲ್ಲೋ ಇರುತ್ತದೆ. ಜಾಗ ಒದಗಿಸುವುದೂ ಅವರದೇ ಹೊಣೆ. ಟಪಾಲು ಚೀಲ ಬಸ್ಸಿನಲ್ಲಿ ಬಂದಿಳಿದ ಮೇಲೆ ಮೊಹರು ಒಡೆದು, ಪತ್ರಗಳಿಗೆ ದಿನಾಂಕದ ಮುದ್ರೆ ಒತ್ತಿ, ಆರ್‌ಡಿ ಕಂತು ಬರೆದುಕೊಂಡು, ವೃದ್ಧಾಪ್ಯ ವೇತನ ಎಣಿಸಿಕೊಟ್ಟು, ಈಗೀಗ ಕೈಯಂತ್ರಕ್ಕೆ ಸಿಗ್ನಲ್ ಹುಡುಕುತ್ತ ಅಂಗಳದಂಚಿಗೆ ಹೋಗಿ ನಿಲ್ಲುವ ಈ ವ್ಯಕ್ತಿ ಊರಿನವರ ಕಣ್ಣಿಗೆ ಸರ್ಕಾರಿ ನೌಕರ, ಸರ್ಕಾರದ ಕಡತದಲ್ಲಿ ಅಲ್ಲ.

ಇವರ ಸೇವಾ ನಿಯಮಗಳನ್ನು ಓದಿದರೆ ಈ ಸ್ಥಿತಿ ಸ್ಪಷ್ಟವಾಗುತ್ತದೆ. ಸೇವಕರಿಗೆ ದಿನಕ್ಕೆ ಗರಿಷ್ಠ ಐದು ಗಂಟೆಯ ಕೆಲಸ; ತನಗೂ ಕುಟುಂಬಕ್ಕೂ ಸಾಕಾಗುವಷ್ಟು ಬೇರೆ ಆದಾಯವಿದೆ ಎಂದು ಅವರು ಬರೆದುಕೊಡಬೇಕು; ಕೇಂದ್ರ ನೌಕರರಿಗೆ ಸಮಾನ ಸ್ಥಾನ ಕೇಳುವಂತಿಲ್ಲ. ಅವರಿಗೆ ಸಿಗುವುದು ಸಂಬಳವಲ್ಲ, ಕೆಲಸದ ಅವಧಿಗೆ ಕಟ್ಟಿದ ಭತ್ಯೆ. ಅವರು ನಾಗರಿಕ ಹುದ್ದೆಯಲ್ಲಿರುವವರೇ ಎಂದು ಸುಪ್ರೀಂ ಕೋರ್ಟ್ 1977ರಲ್ಲೇ, ಪಿ.ಕೆ. ರಾಜಮ್ಮ ಪ್ರಕರಣದಲ್ಲಿ ಹೇಳಿತ್ತು. ಅದರಿಂದ ಮನಸ್ಸಿಗೆ ಬಂದಂತೆ ವಜಾ ಮಾಡುವುದಕ್ಕೆ ತಡೆ ಬಿತ್ತೇ ಹೊರತು ಪಿಂಚಣಿ, ಬಡ್ತಿ, ವೇತನ ಶ್ರೇಣಿ ಒದಗಲಿಲ್ಲ.

ಖಾಯಂ ನೌಕರರಿಗೆ ವೇತನ ಆಯೋಗಗಳು ಬಂದಂತೆ ಇವರಿಗೆ ಪ್ರತ್ಯೇಕ ಸಮಿತಿಗಳು ಬಂದವು. ನಿವೃತ್ತ ನ್ಯಾಯಮೂರ್ತಿ ತಲ್ವಾರ್ ಅವರ ಸಮಿತಿ ತೊಂಬತ್ತರ ದಶಕದಲ್ಲಿ ಕೊಟ್ಟ ವರದಿ ಇವರ ಪರವಾಗಿತ್ತೆಂಬ ಕಾರಣಕ್ಕೆ ಇಂದಿಗೂ ಸಂಘದ ಭಾಷಣಗಳಲ್ಲಿ ಅದರ ಪ್ರಸ್ತಾಪ ಬರುತ್ತದೆ. ನಂತರದ ಸಮಿತಿಗಳ ನೇತೃತ್ವ ಇಲಾಖೆಯ ನಿವೃತ್ತ ಅಧಿಕಾರಿಗಳದ್ದು. ಕಮಲೇಶ್ ಚಂದ್ರ ಸಮಿತಿ 2016ರ ನವೆಂಬರ್‌ನಲ್ಲಿ ವರದಿ ಒಪ್ಪಿಸಿತು. ಒಂದೂವರೆ ವರ್ಷ ಕಳೆದರೂ ಅದು ಜಾರಿಯಾಗದಿದ್ದಾಗ, 2018ರ ಮೇ 22ರಿಂದ ಎರಡು ವಾರಕ್ಕೂ ಹೆಚ್ಚು ಕಾಲ ಶಾಖಾ ಕಚೇರಿಗಳ ಬಾಗಿಲು ಮುಚ್ಚಿದವು. ಜೂನ್ 6ರಂದು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು: ಶಾಖಾ ಪೋಸ್ಟ್ ಮಾಸ್ಟರ್‌ಗೆ ನಾಲ್ಕು ಗಂಟೆಗೆ ಮಾಸಿಕ ಕನಿಷ್ಠ 12,000 ರೂಪಾಯಿ, ಐದು ಗಂಟೆಗೆ 14,500 ರೂಪಾಯಿ, ಸಹಾಯಕರಿಗೆ 10,000 ಮತ್ತು 12,000. ಇತ್ತೀಚಿನ ದಶಕಗಳಲ್ಲಿ ಅಂಚೆ ಚಳವಳಿಗೆ ಸಿಕ್ಕ ದೊಡ್ಡ ಗೆಲುವು ಇದೇ ಇರಬೇಕು. ಆದರೆ 12, 24, 36 ವರ್ಷ ಸೇವೆ ಮುಗಿಸಿದವರಿಗೆ ಕೊಡಬೇಕಿದ್ದ ಹೆಚ್ಚುವರಿ ಏರಿಕೆಯಂಥ ಶಿಫಾರಸುಗಳು ಆ ಒಪ್ಪಿಗೆಯಲ್ಲಿ ಇರಲಿಲ್ಲ, ಪೂರ್ಣ ಪಿಂಚಣಿಯ ಬೇಡಿಕೆಯೂ ಹಾಗೆಯೇ ಉಳಿಯಿತು.

ಅರೆಕಾಲಿಕ, ಗುತ್ತಿಗೆಯಂಥ ದುಡಿಮೆಯನ್ನು ನವ ಉದಾರವಾದ ತಂದಿತು ಎಂದು ಹೇಳುವುದು ರೂಢಿ. ಅಂಚೆಯಲ್ಲಿ ಅದು ಬ್ರಿಟಿಷರ ಕಾಲದಿಂದಲೂ ಇತ್ತು. 1991ರ ನಂತರದ ನೀತಿಗೆ ಅಗ್ಗದ ದುಡಿಮೆಯ ಸಿದ್ಧ ಮಾದರಿಯೊಂದು ಮನೆಯೊಳಗೇ ಸಿಕ್ಕಿತು. ಸಂಘಗಳು ಈ ಪ್ರಶ್ನೆಯನ್ನು ತಮ್ಮ ಪಟ್ಟಿಯ ಮೊದಲ ಸಾಲಿಗೆ ತರಲು ತೊಂಬತ್ತರ ದಶಕದವರೆಗೆ ತಡಮಾಡಿದ್ದು ಅವರ ಇತಿಹಾಸದ ಒಂದು ಕೊರತೆ ಎಂದೇ ಹೇಳಬೇಕಾಗುತ್ತದೆ.

ರಚನೆಯ ಎಳೆಗೆ ಬಂದರೆ, ಮಾಜಿ ಸಂಪುಟ ಕಾರ್ಯದರ್ಶಿ ಟಿ.ಎಸ್.ಆರ್. ಸುಬ್ರಮಣಿಯನ್ ನೇತೃತ್ವದ ಕಾರ್ಯಪಡೆ 2014ರ ಡಿಸೆಂಬರ್‌ನಲ್ಲಿ ಕೊಟ್ಟ ವರದಿ ಬ್ಯಾಂಕಿಂಗ್, ವಿಮೆ ಮೊದಲಾದ ಕೆಲಸಗಳನ್ನು ಬೇರ್ಪಡಿಸಿ ಕಂಪನಿ ಸ್ವರೂಪಕ್ಕೆ ಒಯ್ಯುವ ದಾರಿ ತೋರಿಸಿತು. ಸಂಘಗಳು ಅದನ್ನು ಒಟ್ಟಾಗಿ ವಿರೋಧಿಸಿದವು. ಇಲಾಖೆ ಒಡೆಯಲಿಲ್ಲ, ಆದರೆ 2018ರ ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಬಾಗಿಲು ತೆರೆದ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಪೂರ್ತಿ ಸರ್ಕಾರದ ಒಡೆತನದ್ದಾದರೂ ಪ್ರತ್ಯೇಕ ಕಂಪನಿ. ಅದರ ಖಾತೆ ತೆರೆಸುವ ಗುರಿ ಬೀಳುವುದು ಅದೇ ಐದು ಗಂಟೆಯ ಸೇವಕರ ಮೇಲೆ. ಅಂಚೆಯ ಕೆಲಸಗಳನ್ನು ಖಾಸಗಿಯವರು ನಡೆಸುವ ಸಾಮಾನ್ಯ ಸೇವಾ ಕೇಂದ್ರಗಳಿಗೆ ವಹಿಸುವ ಡಾಕ್ ಮಿತ್ರ ಯೋಜನೆಯೂ ಸೇರಿದಂತೆ ಇವೆಲ್ಲವನ್ನೂ ವಿರೋಧಿಸಿ 2022ರ ಆಗಸ್ಟ್ 10ರಂದು ಒಂದು ದಿನದ ಮುಷ್ಕರ ನಡೆಯಿತು. ಮರುವರ್ಷ ಏಪ್ರಿಲ್‌ನಲ್ಲಿ, ಸಂಘದ ಹಣವನ್ನು ನಿಯಮ ಮೀರಿ ಬಳಸಲಾಗಿದೆ ಎಂಬ ಆರೋಪದ ಮೇಲೆ, ಎಡಪಂಥೀಯ ಒಲವಿನ ದೊಡ್ಡ ಒಕ್ಕೂಟದ ಮಾನ್ಯತೆಯನ್ನು ಇಲಾಖೆ ಹಿಂತೆಗೆದುಕೊಂಡಿತು. ಒಕ್ಕೂಟ ಆ ಆರೋಪವನ್ನು ಒಪ್ಪಲಿಲ್ಲ. ಮಾನ್ಯತೆ ಹೋದರೆ ಇಲಾಖೆಯೊಂದಿಗೆ ಔಪಚಾರಿಕ ಮಾತುಕತೆಗೆ ಕೂರುವ ಅವಕಾಶವೂ ಹೋಗುತ್ತದೆ.

ಕಾನೂನಿನ ಎಳೆ ಅದೇ ವರ್ಷ ಕಡಿಯಿತು. 2023ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ, 2024ರ ಜೂನ್ 18ರಿಂದ ಜಾರಿಗೆ ಬಂದ ಹೊಸ ಅಂಚೆ ಕಚೇರಿ ಕಾಯ್ದೆಯಲ್ಲಿ ಪತ್ರ ಸಾಗಣೆಯ ಏಕಸ್ವಾಮ್ಯವಿಲ್ಲ. ಉಳಿದಿರುವುದು ಅಂಚೆ ಚೀಟಿ ಹೊರಡಿಸುವ ಹಕ್ಕು. ಕೊರಿಯರ್ ಕಂಪನಿಗಳು ಎಂಬತ್ತರ ದಶಕದಿಂದಲೂ ನಗರದ ಲಾಭದಾಯಕ ಬಟವಾಡೆಯನ್ನು ಎತ್ತಿಕೊಂಡಿದ್ದವು ನಿಜ, ಹಾಗಾಗಿ ಇದು ವಾಸ್ತವವನ್ನು ಒಪ್ಪಿಕೊಂಡದ್ದಷ್ಟೇ ಎಂಬ ಸಮರ್ಥನೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಹಳ್ಳಿಯ ನಷ್ಟ ತುಂಬಲು ಇನ್ನು ಯಾವ ಹಣ ಬರಬೇಕು ಎಂಬ ಪ್ರಶ್ನೆಯನ್ನು ಆ ಸಮರ್ಥನೆ ಮುಟ್ಟುವುದಿಲ್ಲ.

2025ರ ಸೆಪ್ಟೆಂಬರ್ 1ರಿಂದ ನೋಂದಾಯಿತ ಅಂಚೆಯನ್ನು ಸ್ಪೀಡ್ ಪೋಸ್ಟ್‌ನೊಳಗೆ ಸೇರಿಸಲಾಗಿದೆ. ಎಂಟನೇ ವೇತನ ಆಯೋಗದ ಮಾತು ಶುರುವಾದಾಗಿನಿಂದ ಸಂಘಗಳು ಮುಂದಿಟ್ಟಿರುವ ಬೇಡಿಕೆ, ಗ್ರಾಮೀಣ ಡಾಕ್ ಸೇವಕರನ್ನು ಮತ್ತೊಂದು ಪ್ರತ್ಯೇಕ ಸಮಿತಿಗೆ ತಳ್ಳದೆ ಆಯೋಗದ ವ್ಯಾಪ್ತಿಗೇ ತರಬೇಕು ಎಂಬುದು.