‘ಚಿಲ್ಡ್ರನ್’ ಒಳಗಿನ ಎರಡು ಬಹುವಚನ

ಇಂಗ್ಲಿಷ್ ತರಗತಿಯಲ್ಲಿ ಬಹುವಚನದ ಪಾಠ ಬಂದಾಗ ಕೊನೆಗೊಂದು ಪಟ್ಟಿ ಬರೆಸುತ್ತಾರೆ: ಆಕ್ಸ್–ಆಕ್ಸನ್, ಫುಟ್–ಫೀಟ್, ಚೈಲ್ಡ್–ಚಿಲ್ಡ್ರನ್. ‘ಇವಕ್ಕೆ ನಿಯಮ ಇಲ್ಲ, ಬಾಯಿಪಾಠ ಮಾಡಿ’ ಅಂತ ಮಾತು ಮುಗಿಸುತ್ತಾರೆ. ನನಗೆ ಬೇಸರ ಆಗುವುದು ಅಲ್ಲೇ. ಒಂದು ಕಾಲಕ್ಕೆ ಇವೂ ನಿಯಮದಂತೆ ನಡೆದ ಪದಗಳೇ. ನಿಯಮ ಸತ್ತಿತು, ಪದ ಉಳಿಯಿತು.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ನಾಮಪದಗಳಿಗೆ ಗುಂಪುಗಳಿದ್ದವು, ಗುಂಪಿಗೊಂದು ಪ್ರತ್ಯಯ. ಕಲ್ಲು ‘ಸ್ಟಾನ್’, ಕಲ್ಲುಗಳು ‘ಸ್ಟಾನಸ್’. ಎತ್ತು ‘ಒಕ್ಸ’, ಎತ್ತುಗಳು ‘ಒಕ್ಸನ್’. ಕುರಿಗೆ ಆಗಲೂ ಪ್ರತ್ಯಯ ಇರಲಿಲ್ಲ, ಈಗಲೂ ಇಲ್ಲ. ಪಾದಕ್ಕೆ ‘ಫೋಟ್’ ಎನ್ನುತ್ತಿದ್ದರು. ಅದರ ಬಹುವಚನದ ತುದಿಯಲ್ಲಿ ಇನ್ನೂ ಹಿಂದೆ ಒಂದು ಇಕಾರ ಇತ್ತು. ಅದು ಒಳಗಿನ ಓಕಾರವನ್ನು ಏಕಾರದ ಕಡೆಗೆ ಎಳೆದು ತಾನು ಬಿದ್ದುಹೋಯಿತು. ಉಳಿದದ್ದು ‘ಫೇಟ್’, ಇವತ್ತಿನ ಫೀಟ್.

ಪದದ ಕೊನೆಯ ಸ್ವರಗಳು ಸವೆಯುತ್ತ ಬಂದಂತೆ ಕಿವಿಗೆ ಸ್ಪಷ್ಟವಾಗಿ ಉಳಿದದ್ದು ಎರಡೇ, ‘ಸ್’ ಮತ್ತು ‘ನ್’. ಉತ್ತರದಲ್ಲಿ ‘ಸ್’ ಬೇಗ ಗೆದ್ದಿತು, ದಕ್ಷಿಣದಲ್ಲಿ ‘ನ್’ ಬಹಳ ದಿನ ಗಟ್ಟಿಯಾಗಿ ನಿಂತಿತು. 1476ರಲ್ಲಿ ಇಂಗ್ಲೆಂಡಿಗೆ ಮುದ್ರಣ ತಂದ ವಿಲಿಯಂ ಕ್ಯಾಕ್ಸ್‌ಟನ್ 1490ರ ಒಂದು ಮುನ್ನುಡಿಯಲ್ಲಿ ಈ ಜಗ್ಗಾಟದ ಒಂದು ಪ್ರಸಂಗ ಹೇಳುತ್ತಾನೆ. ಥೇಮ್ಸ್ ನದಿಯಲ್ಲಿ ಗಾಳಿಗಾಗಿ ಕಾಯುತ್ತಿದ್ದ ವ್ಯಾಪಾರಿಗಳು ದಡಕ್ಕಿಳಿದು ಊಟ ಹುಡುಕಿದರು. ಒಬ್ಬ ‘ಎಗ್ಗೆಸ್’ ಕೇಳಿದ. ನನಗೆ ಫ್ರೆಂಚ್ ಬರುವುದಿಲ್ಲ ಅಂದಳು ಮನೆಯಾಕೆ. ಅವನಿಗೂ ಫ್ರೆಂಚ್ ಬರದು, ಸಿಟ್ಟು ಬಂತು. ಇನ್ನೊಬ್ಬ ‘ಐರೆನ್’ ಅಂದಾಗಲೇ ಆಕೆಗೆ ಮೊಟ್ಟೆ ಅಂತ ತಿಳಿದದ್ದು.

ಈ ‘ಐರೆನ್’ ಮತ್ತು ‘ಚಿಲ್ಡ್ರನ್’ ಒಂದೇ ಅಚ್ಚಿನವು. ಮಗು ‘ಚಿಲ್ಡ್’, ಮಕ್ಕಳು ‘ಚಿಲ್ಡ್ರು’. ಆ ‘ರ’ಕಾರವೇ ಬಹುವಚನದ ಗುರುತು. ಕಾಲ ಕಳೆದಂತೆ ಅದು ಬಹುವಚನ ಅನ್ನುವುದೇ ಜನಕ್ಕೆ ಮರೆತು, ಮೇಲೊಂದು ‘ನ್’ ಅಂಟಿಸಿದರು. ನಾವೂ ಇದನ್ನೇ ಮಾಡಿದ್ದೇವೆ. ‘ಅವರು’ ಬಹುವಚನವೇ, ಆದರೆ ಒಬ್ಬರಿಗೂ ಗೌರವಕ್ಕೆ ಅದನ್ನೇ ಬಳಸಿ ಬಳಸಿ ಅರ್ಥ ಸವೆಯಿತು, ‘ಅವರುಗಳು’ ಹುಟ್ಟಿತು. ವೇದಿಕೆಯ ಮೇಲೆ ಯಾರಾದರೂ ‘ಗಣ್ಯರುಗಳೇ’ ಅಂದಾಗ ತಪ್ಪು ಅಂತ ಮುಖ ಸಿಂಡರಿಸುವವರಿದ್ದಾರೆ. ನನಗಂತೂ ಅದು ಚಿಲ್ಡ್ರನ್‌ನ ಹಾಗೆಯೇ ಕೇಳುತ್ತದೆ.

ಉತ್ತರ ಇಂಗ್ಲೆಂಡಿನ ಆಡುಮಾತಿನಲ್ಲಿ ಮಾತ್ರ ಎರಡನೆಯ ಪ್ರತ್ಯಯ ಅಂಟಲಿಲ್ಲ. ಅಲ್ಲಿನವರ ಬಾಯಲ್ಲಿ ಮಕ್ಕಳು ಬಹುಕಾಲ ‘ಚಿಲ್ಡರ್’ ಆಗಿಯೇ ಉಳಿದರು.