ಹೈಸ್ಕೂಲ್ ಮಕ್ಕಳನ್ನು ನೇಪಾಳದ ಸೇವಾ ಪ್ರವಾಸಕ್ಕೆ ಸಿದ್ಧಗೊಳಿಸುವುದು ಹೇಗೆ?

ಪ್ರಶ್ನೆ: ಬೆಳಗಾವಿಯ ಒಂದು ಕ್ರೈಸ್ತ ಸಭೆಯ (ಚರ್ಚ್‌ನ) ಯುವಜನ ಸಂಘದ ಹೊಣೆ ನನ್ನ ಮೇಲಿದೆ. ಬರುವ ಬೇಸಿಗೆ ರಜೆಯಲ್ಲಿ ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳನ್ನು ಸೇವೆಗಾಗಿ ಕಠ್ಮಂಡುವಿನ ಒಂದು ಸಭೆಗೆ ಕರೆದೊಯ್ಯುವ ಆಲೋಚನೆಯಿದೆ. ಸಿದ್ಧತೆಯನ್ನು ಎಲ್ಲಿಂದ ಆರಂಭಿಸಬೇಕು?

ಉತ್ತರ: ಕನಿಷ್ಠ ಆರು ತಿಂಗಳು ಮೊದಲು, ಕಠ್ಮಂಡುವಿನ ಆ ಸಭೆಯ ಪಾಲಕರಿಗೆ (ಪಾಸ್ಟರ್‌ಗೆ) ಬರೆಯುವ ಪತ್ರದಿಂದ ಆರಂಭಿಸಿರಿ. ನಾವು ಏನು ಮಾಡಬಲ್ಲೆವೆಂದು ಹೇಳುವ ಮುನ್ನ ಅವರಿಗೆ ಏನು ಬೇಕು, ಹದಿನೈದರ ಆಸುಪಾಸಿನ ಮಕ್ಕಳು ಬಂದು ಉಳಿಯುವುದು ಅವರಿಗೆ ಭಾರವಾಗದೇ ಎಂದು ಕೇಳಬೇಕು. ಈ ವರ್ಷ ಬೇಡವೆಂದು ಅವರು ಹೇಳಿದರೆ ಅದನ್ನು ಗೌರವದಿಂದ ಒಪ್ಪಿಕೊಳ್ಳಬೇಕು. ಗೋಡೆ ಕಟ್ಟುವ ಕೆಲಸವನ್ನು ಮಕ್ಕಳು ಕೈಗೊಂಡರೆ ಅಲ್ಲಿನ ಗೌಂಡಿಗಳ ಕೂಲಿ ತಪ್ಪಬಹುದು. ಅನಾಥಾಲಯಗಳ ಭೇಟಿಯನ್ನಂತೂ ಕಾರ್ಯಕ್ರಮದಲ್ಲಿ ಸೇರಿಸಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ತಂದೆ ತಾಯಿ ಬದುಕಿರುವ ಹಳ್ಳಿಯ ಮಕ್ಕಳನ್ನೇ ತಂದಿರಿಸಿಕೊಂಡು, ಭೇಟಿಗೆ ಬರುವವರಿಂದ ದೇಣಿಗೆ ಪಡೆದ ಪ್ರಕರಣಗಳು ನೇಪಾಳದಲ್ಲಿ ಬೆಳಕಿಗೆ ಬಂದಿವೆ.

ಮಕ್ಕಳ ಮನಸ್ಸನ್ನು ಸಿದ್ಧಗೊಳಿಸುವ ಕೆಲಸ ನಮ್ಮ ಜಿಲ್ಲೆಯಲ್ಲೇ ನಡೆಯಬೇಕು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಮತ್ತು ಮಲಪ್ರಭಾ ನದಿಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಎಷ್ಟೋ ಹಳ್ಳಿಗಳು ಮುಳುಗಿದವು; ದೂರದ ಊರುಗಳಿಂದ ನೆರವು ಹರಿದುಬಂತು. ಅಂಥ ಒಂದು ಹಳ್ಳಿಗೆ ಮಕ್ಕಳನ್ನು ಕರೆದೊಯ್ದು, ನೆರವು ಪಡೆದವರ ಬಾಯಿಂದಲೇ ಕೇಳಿಸಿರಿ: ಬಂದದ್ದರಲ್ಲಿ ಯಾವುದು ಉಪಯೋಗಕ್ಕೆ ಬಂತು, ಯಾವುದು ಮೂಲೆ ಸೇರಿತು, ಕೈಯೊಡ್ಡಿ ನಿಂತಾಗ ಯಾರಾದರೂ ಫೋಟೊ ತೆಗೆದಿದ್ದರೆ ಮನಸ್ಸಿಗೆ ಹೇಗಾಯಿತು. ಕೊಡುವವರ ಸಾಲಿನಲ್ಲಿ ನಿಲ್ಲಲಿರುವ ಮಕ್ಕಳು ಪಡೆಯುವವರ ಪಕ್ಕದಲ್ಲಿ ಕುಳಿತು ಒಂದು ಮಧ್ಯಾಹ್ನ ಕಳೆದರೆ, ನಾವು ಕೊಡುವ ಹತ್ತು ಉಪನ್ಯಾಸಗಳಿಗಿಂತ ಹೆಚ್ಚು ಕಲಿಯುತ್ತಾರೆ. ಹತ್ತನೇ ತರಗತಿಯವರಿಗೆ ಪರೀಕ್ಷೆ ಇರುವುದರಿಂದ ಇದನ್ನೆಲ್ಲ ಡಿಸೆಂಬರ್‌ಗೆ ಮೊದಲೇ ಮುಗಿಸುವುದು ಒಳ್ಳೆಯದು.

ಇನ್ನು ಅಲ್ಲಿನ ಕಾನೂನು. ನೇಪಾಳದ 2015ರ ಸಂವಿಧಾನದ 26ನೇ ವಿಧಿಯು ಮತಾಂತರ ಮಾಡಿಸುವುದನ್ನು ನಿಷೇಧಿಸುತ್ತದೆ. 2018ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಅಪರಾಧ ಸಂಹಿತೆಯಂತೆ ಇದಕ್ಕೆ ಐದು ವರ್ಷಗಳವರೆಗೆ ಸೆರೆವಾಸ ಮತ್ತು ಐವತ್ತು ಸಾವಿರ ರೂಪಾಯಿವರೆಗೆ ದಂಡವಿದ್ದು, ವಿದೇಶಿಯರನ್ನು ಶಿಕ್ಷೆಯ ನಂತರ ದೇಶದಿಂದ ಹೊರಗೆ ಕಳುಹಿಸಲಾಗುತ್ತದೆ. ಆದ್ದರಿಂದ ಕರಪತ್ರ ಹಂಚುವುದಾಗಲಿ, ಬೀದಿಯಲ್ಲಿ ಸಾರುವುದಾಗಲಿ ಕೂಡದೆಂದು ಮಕ್ಕಳಿಗೆ ಕಾರಣಸಹಿತ ತಿಳಿಸಬೇಕು. ಆರಾಧನೆಯ ಫೋಟೊವನ್ನು ಒಂದು ಮಗು ಉತ್ಸಾಹದಿಂದ ಇನ್‌ಸ್ಟಾಗ್ರಾಮ್‌ಗೆ ಹಾಕಿದರೆ, ಅದರ ಪರಿಣಾಮ ನಾವು ಹಿಂದಿರುಗಿದ ಮೇಲೂ ಅಲ್ಲೇ ಬಾಳಬೇಕಾದ ವಿಶ್ವಾಸಿಗಳ ಮೇಲಾಗಬಹುದು. ಯಾವ ಚಿತ್ರ ತೆಗೆಯಬಹುದು ಎಂಬುದನ್ನು ಆ ಸಭೆಯ ಹಿರಿಯರೇ ನಿರ್ಧರಿಸಲಿ.

ಅಲ್ಲಿನ ಬಹುಪಾಲು ಸಭೆಗಳು ಶನಿವಾರ ಆರಾಧನೆಗೆ ಸೇರುತ್ತವೆ, ವಿಶ್ವಾಸಿಗಳು 'ಜಯ ಮಸಿಹ್' (ಕ್ರಿಸ್ತನಿಗೆ ಜಯ) ಎಂದು ವಂದಿಸುತ್ತಾರೆ. ನೇಪಾಳಿಯ ಲಿಪಿ ದೇವನಾಗರಿ. ಹಿಂದಿ, ಮರಾಠಿ ಓದಬಲ್ಲ ಬೆಳಗಾವಿಯ ಮಕ್ಕಳಿಗೆ ಇದು ದೊಡ್ಡ ಅನುಕೂಲ. ಎರಡು ಹಾಡು ಮತ್ತು ದಿನಬಳಕೆಯ ಮಾತುಗಳನ್ನು ಮೊದಲೇ ಕಲಿಸಿರಿ.

ಕಾಗದಪತ್ರಗಳ ವಿಷಯ ಕಷ್ಟದ್ದಲ್ಲ. ಭಾರತೀಯರಿಗೆ ನೇಪಾಳದ ವೀಸಾ ಬೇಕಿಲ್ಲ. ವಿಮಾನದಲ್ಲಿ ಹೋಗುವ ವಯಸ್ಕರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. 15ರಿಂದ 18 ವರ್ಷದವರಿಗೆ ಶಾಲೆಯ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಡುವ ಗುರುತಿನ ಪ್ರಮಾಣಪತ್ರವೂ ನಡೆಯುತ್ತದೆ. ಆದರೂ ಪಾಸ್‌ಪೋರ್ಟ್ ಮಾಡಿಸುವುದೇ ಕ್ಷೇಮ. ಅಪ್ರಾಪ್ತರ ಅರ್ಜಿಗೆ ಪೋಷಕರ ಒಪ್ಪಿಗೆಯ ಅನುಬಂಧ 'ಡಿ' ಸೇರಿಸಬೇಕು. ಟೈಫಾಯ್ಡ್ ಲಸಿಕೆಯನ್ನು ಹೊರಡುವುದಕ್ಕೆ ಎರಡು ವಾರ ಮೊದಲಾದರೂ ಹಾಕಿಸಿರಿ, ಅಲ್ಲಿ ನಲ್ಲಿ ನೀರು ಕುಡಿಯದಂತೆ ಎಚ್ಚರಿಸಿರಿ.

ಕೊನೆಯದಾಗಿ, ಪೋಷಕರ ಸಭೆಯನ್ನು ಟಿಕೆಟ್ ಕಾದಿರಿಸುವ ಮುನ್ನವೇ ಕರೆಯಿರಿ. ಹೆಣ್ಣುಮಕ್ಕಳ ಜೊತೆ ಯಾವ ಮಹಿಳೆಯರು ಇರುತ್ತಾರೆ, ಯಾವ ಮಗುವೂ ಒಬ್ಬ ವಯಸ್ಕರೊಂದಿಗೆ ಒಂಟಿಯಾಗಿ ಉಳಿಯದಂತೆ ಏನು ಏರ್ಪಾಡಿದೆ, ಕಾಯಿಲೆ ಬಿದ್ದರೆ ನಿರ್ಧಾರ ಯಾರದು, ಮಧ್ಯದಲ್ಲೇ ಮರಳಬೇಕಾದರೆ ಖರ್ಚು ಯಾರು ಭರಿಸುತ್ತಾರೆ ಎಂಬುದು ಅಂದೇ ಬರವಣಿಗೆಯಲ್ಲಿರಲಿ. ಇದನ್ನೆಲ್ಲ ಕೇಳಿದ ಮೇಲೆ ಹೋಗಲು ಮನಸ್ಸಿಲ್ಲವೆನ್ನುವ ಮಗುವನ್ನು ಯಾರೂ ಒತ್ತಾಯಿಸಬಾರದು.