ಸುಮ್ಮನಿದ್ದಂತೆ ಕಾಣುವ ಎರಡು ತಂತಿ

ಕೊಯ್ಲಾದ ಗದ್ದೆಯಲ್ಲಿ ಬಯಲಾಟ ನಡೆಯುತ್ತಿತ್ತು. ರಾತ್ರಿ ಎರಡರ ಸುಮಾರಿಗೆ ರಂಗಸ್ಥಳದ ಹ್ಯಾಲೊಜೆನ್ ದೀಪಗಳು ಇದ್ದಕ್ಕಿದ್ದಂತೆ ಮಂಕಾದವು. ಅದೇ ಗಳಿಗೆಗೆ ಚೌಕಿಯ ಪಕ್ಕದ ಬೆಂಚಿನ ಮೇಲಿದ್ದ ಆಂಪ್ಲಿಫೈಯರ್ 'ಟಪ್' ಎಂದಿತು, ಸುಟ್ಟ ವಾಸನೆ ಬಂತು. ಭಾಗವತರ ಪದ ಅರ್ಧಕ್ಕೇ ನಿಂತಿತು. ಚಂಡೆ ಮಾತ್ರ ಮೈಕಿನ ಹಂಗಿಲ್ಲದೆ ಒಂದೆರಡು ಪೆಟ್ಟು ಮುಂದುವರಿಯಿತು. 'ಓವರ್‌ಲೋಡ್ ಆಯ್ತು' ಎಂದು ಎಲ್ಲರೂ ಹೇಳಿದರು. ಬೆಳಗ್ಗೆ ಬೋರ್ಡ್ ಬಿಚ್ಚಿದಾಗ ನಾನೂ ಹತ್ತಿರ ನಿಂತಿದ್ದೆ. ಕರೆಂಟ್ ತರುವ ಮೂರು ಫೇಸಿನ ತಂತಿಗಳೂ ಭದ್ರವಾಗಿದ್ದವು. ಕರೆಂಟ್ ಮರಳಿ ಹೋಗುವ ನ್ಯೂಟ್ರಲ್ ತಂತಿ ಮಾತ್ರ ಸ್ಕ್ರೂವಿನ ಅಡಿಯಲ್ಲಿ ಸಡಿಲಾಗಿ, ತುದಿ ಮಸಿ ಹಿಡಿದಿತ್ತು.

ಓವರ್‌ಲೋಡ್ ಎಂಬ ಮಾತು ಏಕೆ ತಪ್ಪೆಂದು ಮೊದಲು ನೋಡೋಣ. ಎರಡು ಆಂಪ್ಲಿಫೈಯರುಗಳ ಮೇಲೆ ಒಟ್ಟು 4000 ವಾಟ್ ಎಂದು ಬರೆದಿದೆ ಅಂದುಕೊಳ್ಳಿ. ಆಟದ ಉದ್ದಕ್ಕೂ ಅವು ಅಷ್ಟು ಶಕ್ತಿ ಕೊಡುವುದಿಲ್ಲ. ಚಂಡೆಯ ಪೆಟ್ಟು ಕ್ಷಣಮಾತ್ರದ್ದು, ಪೆಟ್ಟು ಪೆಟ್ಟಿನ ನಡುವೆ ಬಿಡುವಿದೆ, ಅರ್ಥಗಾರಿಕೆ ನಡೆಯುವಾಗ ಇನ್ನೂ ಕಡಿಮೆ. ಹಾಗಾಗಿ ಸಂಗೀತಕ್ಕೆ ಬೇಕಾಗುವ ಸರಾಸರಿ ಶಕ್ತಿಯನ್ನು ಗರಿಷ್ಠದ ಎಂಟನೇ ಒಂದು ಭಾಗ ಎಂದು ಲೆಕ್ಕ ಹಿಡಿಯುವ ರೂಢಿ ಇದೆ. 4000 ವಾಟಿಗೆ 500 ವಾಟ್ ಆಯಿತು. ಆಂಪ್ಲಿಫೈಯರಿನೊಳಗೆ ಬಿಸಿಯಾಗಿ ಹೋಗುವುದನ್ನು ಸೇರಿಸಿದರೂ ಪ್ಲಗ್ಗಿನಿಂದ ಎಳೆಯುವುದು 1000 ವಾಟಿನ ಆಸುಪಾಸು, ಒಂದು ಇಸ್ತ್ರಿ ಪೆಟ್ಟಿಗೆಯಷ್ಟು. ಪೆಟ್ಟು ಬಿದ್ದ ಕ್ಷಣಕ್ಕೆ ಬೇಕಾದದ್ದನ್ನು ಒಳಗಿನ ದೊಡ್ಡ ಕೆಪಾಸಿಟರುಗಳು ಒದಗಿಸುತ್ತವೆ. ನೀರಿನ ಸಣ್ಣ ನಲ್ಲಿ ಹಂಡೆ ತುಂಬಿಸುತ್ತಿರುತ್ತದೆ, ನಾವು ಹಂಡೆಯಿಂದ ಚೊಂಬುಗಟ್ಟಲೆ ಮೊಗೆಯುತ್ತೇವೆ, ಹಾಗೆ.

ಇನ್ನು ಆ ನ್ಯೂಟ್ರಲ್. ಮೂರು ಫೇಸಿನ ಸಂಪರ್ಕದಲ್ಲಿ ಫೇಸಿಗೂ ನ್ಯೂಟ್ರಲಿಗೂ ನಡುವೆ 230 ವೋಲ್ಟ್ ಇರುತ್ತದೆ, ಒಂದು ಫೇಸಿಗೂ ಇನ್ನೊಂದು ಫೇಸಿಗೂ ನಡುವೆ 400. ಒಂದು ಫೇಸಿನಲ್ಲಿ 3000 ವಾಟಿನ ದೀಪಗಳು, ಇನ್ನೊಂದರಲ್ಲಿ 1000 ವಾಟ್ ಎಳೆಯುವ ಆಂಪ್ಲಿಫೈಯರುಗಳು, ಮೂರನೆಯದು ಖಾಲಿ. ನ್ಯೂಟ್ರಲ್ ಗಟ್ಟಿಯಾಗಿ ಕೂತಿರುವವರೆಗೆ ಎರಡೂ ಕಡೆಗೆ 230 ಸಿಗುತ್ತದೆ. ಅದು ಬಿಟ್ಟುಕೊಂಡಿತೋ, ದೀಪಗಳೂ ಆಂಪ್ಲಿಫೈಯರೂ ಒಂದರ ಹಿಂದೊಂದು ಪೋಣಿಸಿದಂತಾಗಿ 400 ವೋಲ್ಟನ್ನು ಹಂಚಿಕೊಳ್ಳಬೇಕಾಗುತ್ತದೆ. ಹೆಚ್ಚು ಎಳೆಯುವ ದೀಪಗಳ ಪಾಲಿಗೆ 100 ವೋಲ್ಟ್, ಕಡಿಮೆ ಎಳೆಯುವ ಆಂಪ್ಲಿಫೈಯರಿನ ಪಾಲಿಗೆ ಸುಮಾರು 300. ಭಾಗವತರು ಉಸಿರೆಳೆದುಕೊಳ್ಳುವ ಹೊತ್ತಿಗೆ ಆಂಪ್ಲಿಫೈಯರಿನ ಎಳೆತ ಇನ್ನೂ ಇಳಿದರೆ ಅದರ ಮೇಲಿನ ವೋಲ್ಟೇಜ್ ಇನ್ನೂ ಏರುತ್ತದೆ. ದೀಪ ಮಂಕಾದ ಗಳಿಗೆಗೇ ಆಂಪ್ಲಿಫೈಯರ್ ಸುಟ್ಟದ್ದು ಇದೇ ಕಾರಣಕ್ಕೆ. ಬೋರ್ಡಿನಲ್ಲಿ ತಾನಾಗಿ ಬೀಳುವ ಸ್ವಿಚ್ಚು, ಎಂಸಿಬಿ, ಬೀಳಲಿಲ್ಲ, ಬೀಳುವುದೂ ಇಲ್ಲ: ಅದು ಕಾಯುವುದು ಹೆಚ್ಚಾದ ಕರೆಂಟನ್ನು, ಹೆಚ್ಚಾದ ವೋಲ್ಟೇಜನ್ನಲ್ಲ.

ಮೂರು ಫೇಸಿಗೂ ಲೋಡನ್ನು ಸಮನಾಗಿ ಹಂಚಿದರೆ ನ್ಯೂಟ್ರಲಿನಲ್ಲಿ ಕರೆಂಟೇ ಹರಿಯುವುದಿಲ್ಲ ಎಂದು ಪಾಠದಲ್ಲಿ ಓದಿರುತ್ತೇವೆ. ಹೀಟರಿಗೆ ಅದು ನಿಜ. ಆದರೆ ಅನೇಕ ಆಂಪ್ಲಿಫೈಯರುಗಳು ವೋಲ್ಟೇಜಿನ ಅಲೆಯ ಶಿಖರದಲ್ಲಿ ಮಾತ್ರ ಗಬಕ್ಕನೆ ಕರೆಂಟ್ ಎಳೆಯುತ್ತವೆ. ಇದರಿಂದ ಹುಟ್ಟುವ 150 ಹರ್ಟ್ಸಿನ ಕರೆಂಟುಗಳು ನ್ಯೂಟ್ರಲಿನಲ್ಲಿ ಒಂದನ್ನೊಂದು ಅಳಿಸುವ ಬದಲು ಕೂಡಿಕೊಳ್ಳುತ್ತವೆ. ನ್ಯೂಟ್ರಲಿಗೆ ತೆಳು ತಂತಿ ಹಾಕಿ ದುಡ್ಡು ಉಳಿಸುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ದಪ್ಪದ ಮಾತು ಬಂದದ್ದರಿಂದ ಇದೊಂದು ಲೆಕ್ಕ. ಗದ್ದೆಯಂಚಿನ ಮನೆಯಿಂದ 50 ಮೀಟರ್ ವೈರ್ ಎಳೆದಿದ್ದಾರೆ, 1 ಚದರ ಮಿಲಿಮೀಟರಿನ ತಾಮ್ರ. ಹೋಗಿ ಬರುವ ದಾರಿ 100 ಮೀಟರ್, ತಡೆ 1.8 ಓಮ್. 12 ಆಂಪಿಯರ್ ಹರಿದರೆ ಹತ್ತಿರಹತ್ತಿರ 22 ವೋಲ್ಟ್ ದಾರಿಯಲ್ಲೇ ಖರ್ಚು. ಹಳೆಯ ಮಾದರಿಯ ಭಾರದ ಆಂಪ್ಲಿಫೈಯರ್ ಆದರೆ 208 ವೋಲ್ಟಿನಲ್ಲಿ ಅದರ ಗರಿಷ್ಠ ಶಕ್ತಿ ಐದರಲ್ಲೊಂದು ಪಾಲು ಕುಗ್ಗುತ್ತದೆ. ಏರುಪದಕ್ಕೆ ದನಿ ಒಡೆಯುತ್ತದೆ, ಒಡೆದ ದನಿ ಟ್ವೀಟರಿನ, ಅಂದರೆ ಕೀಚಲು ದನಿಯ ಸಣ್ಣ ಸ್ಪೀಕರಿನ, ಸುರುಳಿಯನ್ನು ಸುಡುತ್ತದೆ. ಬೈಯಿಸಿಕೊಳ್ಳುವುದು ಮಾತ್ರ ಸ್ಪೀಕರ್. ಅದೇ ವೈರಿನೊಳಗೆ ಸುಮಾರು 260 ವಾಟ್ ಬಿಸಿಯಾಗುತ್ತಿರುತ್ತದೆ. ನೆಲದ ಮೇಲೆ ಚಾಚಿದ್ದರೆ ಗಾಳಿಗೆ ಆರುತ್ತದೆ. ಡ್ರಮ್ಮಿಗೆ ಸುತ್ತಿದಂತೆಯೇ ಬಿಟ್ಟರೆ ಒಳಸುತ್ತುಗಳ ಬಿಸಿಗೆ ಹೊರದಾರಿಯಿಲ್ಲ, ಪ್ಲಾಸ್ಟಿಕ್ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತದೆ. 4 ಚದರ ಮಿಲಿಮೀಟರಿನ ವೈರಿನಲ್ಲಿ ಇಳಿಕೆ 5 ವೋಲ್ಟ್ ಚಿಲ್ಲರೆ ಅಷ್ಟೇ.

ಎರಡನೆಯ ತಂತಿ ಅರ್ಥಿಂಗಿನದು, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವಂಥದು. ಮೈಕುಗಳ ದನಿ ಬೆರೆಸುವ ಮಿಕ್ಸರನ್ನು ಒಂದು ಕಡೆಯ ಪ್ಲಗ್ಗಿಗೆ, ಆಂಪ್ಲಿಫೈಯರನ್ನು ಇನ್ನೊಂದು ಕಡೆಯದಕ್ಕೆ ಚುಚ್ಚಿದಾಗ 'ಗುಂಯ್' ಎಂಬ ಸದ್ದು ಶುರುವಾಗುವುದುಂಟು. ಎರಡು ಕಡೆಯ ಅರ್ಥಿಂಗ್ ನಡುವೆ ಅರ್ಧ ವೋಲ್ಟ್ ವ್ಯತ್ಯಾಸವಿದ್ದರೂ ಸಾಕು, ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್ ತಾನೇ? ಆಗ ಪ್ಲಗ್ಗಿನ ದಪ್ಪ ಪಿನ್ನನ್ನು ಕಿತ್ತರೆ ಗುಂಯ್ ನಿಲ್ಲುತ್ತದೆ. ಜೊತೆಗೆ ಕಾವಲೂ ಹೋಗುತ್ತದೆ. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸೀ ಊರಿನ ವೇದಿಕೆಯಲ್ಲಿ ಗಿಟಾರ್ ವಾದಕ ಲೆಸ್ ಹಾರ್ವಿ ಸತ್ತದ್ದು ಅರ್ಥಿಂಗ್ ಸರಿಯಿಲ್ಲದ ಮೈಕನ್ನು ಮುಟ್ಟಿ. ಬರಿಗಾಲಲ್ಲಿ ಇಬ್ಬನಿ ಬಿದ್ದ ನೆಲದ ಮೇಲೆ ನಿಂತು ಲೋಹದ ಮೈಕ್ ಹಿಡಿಯುವವರು ನಮ್ಮಲ್ಲಿ ಎಷ್ಟು ಜನ! ಗುಂಯ್ ನಿಲ್ಲಿಸಬೇಕಾದರೆ ಎರಡಕ್ಕೂ ಒಂದೇ ಕಡೆಯಿಂದ ಕರೆಂಟ್ ಕೊಡಬೇಕು, ಆಗದಿದ್ದರೆ ದನಿ ಸಾಗುವ ವೈರಿನ ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಬೇಕು. ಅರ್ಥ್ ಪಿನ್ನಿಗೆ ಕೈ ಹಚ್ಚಲೇಬಾರದು.

ಮನುಷ್ಯನ ಗುಂಡಿಗೆಯನ್ನು ನಿಲ್ಲಿಸಲು ಎಂಸಿಬಿಯ ಮೇಲೆ ಬರೆದ 16 ಆಂಪಿಯರ್ ಬೇಕಿಲ್ಲ, ಅದರ ನೂರರಲ್ಲೊಂದು ಪಾಲಿಗೂ ಕಡಿಮೆ ಸಾಕು. ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. 30 ಮಿಲಿಆಂಪಿಯರಿನ ಆರ್‌ಸಿಸಿಬಿಗೆ ಗೊತ್ತಾಗುತ್ತದೆ: ಹೋದ ಕರೆಂಟಿಗೂ ಮರಳಿದ ಕರೆಂಟಿಗೂ ವ್ಯತ್ಯಾಸ ಕಂಡಕೂಡಲೇ ಕತ್ತರಿಸುತ್ತದೆ.

ಈಗ ಅದೇ ಗದ್ದೆಗೆ ಮೈಕ್‌ಸೆಟ್ ತರುವ ಹುಡುಗ ಬೇರೆ. ಬಂದವನೇ ಡ್ರಮ್ಮಿನಿಂದ ವೈರನ್ನು ಪೂರ್ತಿ ಬಿಡಿಸಿ ಹಾಸುತ್ತಾನೆ. ನ್ಯೂಟ್ರಲ್ ಸ್ಕ್ರೂ ಬಿಗಿದು, ತಂತಿಯನ್ನು ಎರಡು ಸಲ ಜಗ್ಗಿ ನೋಡುತ್ತಾನೆ. ಆರ್‌ಸಿಸಿಬಿಯ 'ಟೆಸ್ಟ್' ಗುಂಡಿ ಒತ್ತುತ್ತಾನೆ. ಅದು ಟಕ್ಕೆಂದು ಬಿದ್ದ ಮೇಲೆಯೇ ಭಾಗವತರ ಮುಂದೆ ಮೈಕ್ ಇಡುವುದು.